ಒಂದು ಗೇಣು ಸೆರಗು

ನಾನು ಕೆಲಸ ಮಾಡಿದ ನೇಕಾರರ ಸಂಘದಲ್ಲಿ ನಕ್ಷೆ ತೆಗೆಯಲು ಹೊಸಬರನ್ನು ತೆಗೆದುಕೊಂಡಿದ್ದಾರಂತೆ. ಅವರ ಮುಂದೆ ನಾಲ್ಕು ಮಾತಾಡಬೇಕೆಂದು ಕರೆಯಲು ಇಬ್ಬರು ಬನಹಟ್ಟಿಯ ನಮ್ಮ ಮನೆಗೆ ಬಂದಿದ್ದರು. ವಿಷಯವನ್ನೂ ಅವರೇ ಗೊತ್ತು ಮಾಡಿಕೊಂಡು ಬಂದಿದ್ದರು: ‘ಸಂಪ್ರದಾಯ ಮತ್ತು ಪ್ರಯೋಗದ ನಡುವೆ ಸಮತೋಲನ’. ಚಹಾ ಕೊಟ್ಟೆ, ಬರುವುದಿಲ್ಲ ಅಂದೆ, ಕಳಿಸಿದೆ. ಸಮತೋಲನ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ತಕ್ಕಡಿ ಹಿಡಿಯುವವರು ಕಿರಾಣಿ ಅಂಗಡಿಯವರು. ನಾನು ಸೀರೆಗೆ ನಕ್ಷೆ ಬರೆದವಳು. ಈ ಕಡೆ ಇಷ್ಟು ಹಳೆಯದು, ಆ ಕಡೆ ಇಷ್ಟು ಹೊಸದು ಎಂದು ತೂಗಿ ಮಾಡಿದ ಒಂದು ಒಳ್ಳೆಯ ಸೀರೆಯನ್ನೂ ನಾನು ನೋಡಿಲ್ಲ. ತೂಗಿ ಕೆಡಿಸಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಆದರೂ ಅವರು ಹೋದ ಮೇಲೆ ಸುಮ್ಮನೆ ಕೂಡಲು ಆಗಲಿಲ್ಲ. ಪಾಪ, ಹೊಸದಾಗಿ ಬಂದ ಮಕ್ಕಳದ್ದೇನು ತಪ್ಪು? ಅದಕ್ಕೆ ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲು ಇವನ್ನೆಲ್ಲ ಬಿಟ್ಟಿದ್ದೇನೆ. ಬಟ್ಟೆ ನೇಯುವವರಿಗೆ ಅಂಗಡಿಯಿಂದ ಶಾಲು ತಂದು ಹೊದಿಸುವುದು ಎಂಥ ಸನ್ಮಾನವೋ ನನಗೆ ಈವರೆಗೂ ತಿಳಿದಿಲ್ಲ.

ಮೊದಲು ಸೆರಗಿನ ಮಾತು. ಅದು ತಿಳಿಯದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿ ಅಡ್ಡಡ್ಡ ಒಯ್ಯುವ ನೂಲು ಹೊಕ್ಕು. ಹಾಸುಹೊಕ್ಕು ಎಂದು ವೇದಿಕೆಯ ಮೇಲೆ ಒಂದೇ ಉಸಿರಿಗೆ ಹೇಳುವವರಿಗೆ ಅವು ಎರಡು ಬೇರೆ ನೂಲು ಎಂಬುದು ಗೊತ್ತಿರುವುದಿಲ್ಲ. ಹಸಿರು ಹಾಸಿನ ಮೇಲೆ ಕೆಂಪು ಹೊಕ್ಕು ಹೊಡೆದರೆ ಕೆಂಪು ಬರುವುದಿಲ್ಲ, ಉಗುಳಿದ ಎಲೆಯಡಿಕೆ ಗೋಡೆಯ ಮೇಲೆ ಒಣಗಿದ ಬಣ್ಣ ಬರುತ್ತದೆ. ಅಪ್ಪಟ ಕೆಂಪು ಬೇಕೆಂದರೆ ಹಾಸೂ ಕೆಂಪೇ ಇರಬೇಕು. ಅದಕ್ಕೇ ನಮ್ಮ ಕೈಮಗ್ಗದ ಸೀರೆಗೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಒಂದೊಂದು ಸೀರೆಗೂ ಹೊಸದಾಗಿ ಕೂಡಿಸಬೇಕು. ಕೂಡಿಸುವವರು ಹೆಂಗಸರು. ಆ ಕೆಂಪಿನ ನಡುವೆ ಬಿಳಿಯ ಜೋಳದ ತೆನೆಗಳ ಸಾಲು ಬರುತ್ತದೆ. ತೆನೆ ಎಲ್ಲರ ಕಣ್ಣಿಗೆ ಬೀಳುತ್ತದೆ, ಕುಣಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ನೌಕರಿಯ ಜಗಳವೆಲ್ಲ ಆ ಕಣ್ಣಿಗೆ ಬೀಳದ ಕುಣಿಕೆಯದು.

ನಮ್ಮ ಮನೆಯಲ್ಲಿ ಕೂಡಿಸುವವರು ನಮ್ಮ ಅತ್ತೆ ನೀಲವ್ವ. ನೇಯುವವರು ನನ್ನ ಯಜಮಾನರು ಚನ್ನಪ್ಪ, ನಡುಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೇ ಏಳುತ್ತಿದ್ದುದು. ನಾನು ಚಿತ್ರಕಲೆಯ ಪರೀಕ್ಷೆ ಪಾಸಾಗಿದ್ದೆನೆಂದು ಸಂಘದ ಕಾರ್ಯದರ್ಶಿ ಶಂಕ್ರಪ್ಪನವರು ನಕ್ಷೆಯ ಕೆಲಸಕ್ಕೆ ಕರೆದರು. ಹೆಂಗಸನ್ನು ಆಫೀಸಿನಲ್ಲಿ ಕೂಡಿಸುತ್ತಾರೆಯೇ ಎಂದು ಸಂಘದಲ್ಲಿ ಗದ್ದಲವಾಗಿತ್ತು. ಅವರು ಜಗ್ಗಲಿಲ್ಲ. ಈ ಉಪಕಾರ ಬರೆಯದಿದ್ದರೆ ನನ್ನ ಸಿಟ್ಟಿಗೆ ಬೆಲೆಯಿಲ್ಲ. ಇನ್ನು ಮುಂದೆ ಅವರನ್ನು ಬೈಯುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಚೌಕಳಿ ಹಾಳೆಯ ಮೇಲೆ ಒಂದು ನೀಲಿ ಸೆರಗು ಬರೆದು ಅವರ ಮೇಜಿನ ಮೇಲೆ ಇಟ್ಟೆ. ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

“ಹಿರೇರು ಹೆಂಗ ಮಾಡ್ಯಾರ ಹಂಗ ಇರ್ಲಿ ತಂಗಿ,” ಅಂದರು. “ನಿನ್ನ ಕೆಲಸ ಎಳಿ ಎಣಿಸೂದು.”

ಎಣಿಸಿದೆ. ವರ್ಷಗಟ್ಟಲೆ ಎಣಿಸಿದೆ. ಸೆರಗಿನ ಮೇಲೆ ಅದೇ ತೆನೆ, ಅದೇ ಹಣಿಗೆ, ಅದೇ ಕೋಟೆಯ ಹಲ್ಲು. ಹಳೆಯ ಹಾಳೆ ಹರಿದರೆ ಹೊಸ ಹಾಳೆಗೆ ಇಳಿಸುವುದೇ ನನ್ನ ಕಲೆ. ಒಂದು ದಿನ ಬೇಸರಿಸಿ ಮನೆಯಲ್ಲಿ ಅತ್ತೆಯನ್ನು ಕೇಳಿದೆ, ಸೆರಗು ಕೆಂಪೇ ಯಾಕೆ ಇರಬೇಕು ಎಂದು. ಅತ್ತೆಗೆ ನೇರವಾಗಿ ಉತ್ತರ ಕೊಟ್ಟು ರೂಢಿಯಿರಲಿಲ್ಲ. ಕೂಡಿಸುವಾಗ ಬಾಯಲ್ಲಿ ಎಳೆ ಕಚ್ಚಿಕೊಂಡಿರುತ್ತಿದ್ದರು, ಅದನ್ನು ಬಿಟ್ಟು ಬೈಯುವುದಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದರು.

“ನಮ್ಮವ್ವನ ಕಾಲದಾಗ ಈ ಕೆಂಪ ಎಲ್ಲಿತ್ತಬೇ? ಇದು ಡಬ್ಬಿ ಬಣ್ಣದ ಕೆಂಪ. ಇದು ಬಂದಾಗ ಊರ ಮಂದಿ ಛೀ ಅಂದಿತ್ತು. ಎರಡ ಸಲ ಒಗದ ನೋಡಿದರು, ಬಣ್ಣ ಬಿಡಲಿಲ್ಲ, ಆತು, ಅದs ಹಿರೇರ ಬಣ್ಣ ಆತು.”

ಮರುದಿನ ಇದನ್ನು ಶಂಕ್ರಪ್ಪನವರಿಗೆ ಹೇಳಿದೆ. ಛೀ ಅಂದವರೂ ಹಿರಿಯರೇ, ಒಗೆದು ನೋಡಿದವರೂ ಹಿರಿಯರೇ, ನೀವು ಯಾವ ಹಿರಿಯರ ಕಡೆಯವರು ಎಂದು ಕೇಳಿದೆ. ಅವರು ನಕ್ಕು ನೂಲಿನ ಲೆಕ್ಕಕ್ಕೆ ಹೋದರು. ಹಳೆಯದರ ಮೇಲೆ ಅವರಿಗೆ ಪ್ರೀತಿಯಿತ್ತು ಎಂದು ಯಾರೂ ತಿಳಿಯಬಾರದು. ಹೊಸದನ್ನು ಮಾಡಿದರೆ ಯಾರಾದರೂ ಪ್ರಶ್ನೆ ಕೇಳುತ್ತಾರೆ, ಹಳೆಯದನ್ನು ಮಾಡಿದರೆ ಕೇಳುವುದಿಲ್ಲ. ಅಷ್ಟೇ ಅವರ ಸಂಪ್ರದಾಯ. ಈ ಜಾತಿಯ ಸಂಪ್ರದಾಯವಂತರು ನಿಮಗೂ ಸಿಗುತ್ತಾರೆ. ಅವರ ಜೊತೆ ವಾದ ಮಾಡಬೇಡಿ, ದನಿ ಹೋಗುತ್ತದೆ.

ಬಾಗಲಕೋಟೆ ಬೇರೆ ಜಿಲ್ಲೆಯಾದ ಮೇಲಿನ ಮಾತು. ಅಣೆಕಟ್ಟಿನ ಹಿನ್ನೀರು ಏರುತ್ತ ಬಂದು ಬೀಳಗಿ ಕಡೆಯ ಹಳ್ಳಿಗಳು ಒಂದೊಂದಾಗಿ ಎದ್ದು ಹೊಸ ಜಾಗಕ್ಕೆ ಹೋಗುತ್ತಿದ್ದವು. ನಮಗೂ ಅದಕ್ಕೂ ಏನು ಸಂಬಂಧ ಎಂದು ಬನಹಟ್ಟಿಯಲ್ಲಿ ಯಾರೂ ಯೋಚಿಸಿರಲಿಲ್ಲ. ಸಂಬಂಧ ಬೀಳಗಿಯ ಜವಳಿ ವ್ಯಾಪಾರಿ ಗುರಪ್ಪ ಶೆಟ್ಟರಿಂದ ತಿಳಿಯಿತು. ಚೊಚ್ಚಲ ಬಸುರಿಗೆ ಕುಬಸ ಮಾಡುವಾಗ ಉಡಿ ತುಂಬಲು ನಮ್ಮ ಹಸಿರು ಸೀರೆಯೇ ಆಗಬೇಕೆಂದು ಆ ಹಳ್ಳಿಗಳವರು ಶೆಟ್ಟರ ಅಂಗಡಿಗೇ ಬರುತ್ತಿದ್ದರು. ಒಂದು ವರ್ಷ ಶೆಟ್ಟರು ಬೇಡಿಕೆಯನ್ನು ಅರ್ಧ ಮಾಡಿದರು. ಮುಂದಿನ ವರ್ಷ ಬೇಡಿಕೆಯೇ ಇಲ್ಲ.

ಶಂಕ್ರಪ್ಪನವರು ಕಾಲ ಕೆಟ್ಟಿತು ಅಂದರು. ಕಾಲದ ಮೇಲೆ ಹಾಕಿದರೆ ಮುಗಿಯಿತಲ್ಲ, ಬಸ್ ಹತ್ತುವ ಕೆಲಸ ತಪ್ಪುತ್ತದೆ. ನಾನು ರಜೆ ಬರೆದಿಟ್ಟು, ಜಮಖಂಡಿಯಲ್ಲಿ ಬಸ್ ಬದಲಿಸಿ ಬೀಳಗಿಗೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಶೆಟ್ಟರು ತಮ್ಮ ಸ್ಕೂಟರ್ ಹಿಂದೆ ಕೂಡಿಸಿಕೊಂಡು ಹೊಸದಾಗಿ ಎದ್ದ ಒಂದು ಪುನರ್ವಸತಿ ಊರಿಗೆ ಕರೆದೊಯ್ದರು.

ಅಲ್ಲಿ ಒಂದು ಮನೆಯಲ್ಲಿ ಅಂದೇ ಕುಬಸವಿತ್ತು. ಬಸುರಿ ಉಟ್ಟಿದ್ದು ನಮ್ಮದೇ ಹಸಿರು ಸೀರೆ, ಆದರೆ ಬಹಳ ಹಳೆಯದು, ಅಂಚು ಎರಡು ಕಡೆ ಹೊಲಿದಿತ್ತು. ಆ ಮನೆಯ ಹಿರಿಯಳು ಹೊನ್ನವ್ವ ಎಂಬವಳನ್ನು ಕೇಳಿದೆ. ಸೀರೆ ಅವರದಲ್ಲವಂತೆ. ಓಣಿಯಲ್ಲಿ ಯಾರಿಗೆ ಕುಬಸವಾದರೂ ಒಂದು ಮನೆಯಿಂದ ಅದನ್ನೇ ಎರವಲು ತರುತ್ತಾರೆ, ಉಡಿ ತುಂಬಿದ ಮೇಲೆ ಒಗೆದು ಮಡಿಚಿ ಕೊಡುತ್ತಾರೆ. ಇಡೀ ಓಣಿಗೆ ಒಂದೇ ಉಡಿಯ ಸೀರೆ. ನನಗೆ ಏನು ಅನ್ನಿಸಿತೆಂದರೆ, ಎಂತಹ ಹಾಳು ಕೆಲಸ ಮಾಡುತ್ತಿದ್ದೇವೆ ನಾವು, ಬೇಕಾದವರು ಇಲ್ಲಿದ್ದಾರೆ, ನಾವು ಬನಹಟ್ಟಿಯಲ್ಲಿ ಕೂತು ಕಾಲವನ್ನು ಬೈಯುತ್ತಿದ್ದೇವೆ. ಹೊಸದನ್ನು ಯಾಕೆ ಕೊಳ್ಳುವುದಿಲ್ಲ ಎಂದು ಹೊನ್ನವ್ವನನ್ನು ಕೇಳಿದೆ.

“ಹೊಳಿ ದಂಡಿ ಊರಾಗ ಇದ್ದಾಗ ಉಡತಿದ್ದಿವ್ರೀ. ಈಗ ದಿನಾ ಬಸ್ ಹತ್ತಬೇಕು, ಇಷ್ಟ ಭಾರ ಹೊತಗೊಂಡು ಎಲ್ಲಿ ಹತ್ತೂದು? ಒಂದ ಸಲ ಉಟ್ಟ ಪೆಟಗ್ಯಾಗ ಇಡಾಕ ಯಾರ ತಗೋತಾರ?” ಆಮೇಲೆ ಸೆರಗನ್ನು ನನ್ನ ಮುಂದೆ ಹಿಡಿದಳು. “ಹಗರ ಮಾಡ್ರಿ. ಆದರ ಇದನ್ನ ಮುಟ್ಟಬ್ಯಾಡ್ರಿ.”

ನನ್ನ ಜೀವನದಲ್ಲಿ ಯಾವ ತರಬೇತಿಯಲ್ಲೂ ಇಷ್ಟು ಸ್ಪಷ್ಟವಾಗಿ ಯಾರೂ ಕೆಲಸ ಹೇಳಿರಲಿಲ್ಲ. ಏನು ಬದಲಿಸಬೇಕು, ಏನು ಬದಲಿಸಬಾರದು, ಉಡುವವಳು ಹೇಳಿದ್ದಳು. ಬಸ್ಸಿನಲ್ಲಿ ಬರುತ್ತಾ ಟಿಕೆಟಿನ ಹಿಂದೆಯೇ ಬರೆದುಕೊಂಡೆ: ಉದ್ದ ಕಡಿಮೆ, ನೂಲು ಸಣ್ಣದು, ಅಂಚು ಕಿರಿದು, ದಿನ ಉಡುವಂಥದ್ದು, ಸೆರಗು ಮಾತ್ರ ಕೂಡಿಸಿದ್ದೇ.

ಅತ್ತೆ ಕೇಳಿ ಕೆಂಡವಾದರು. ಸಣ್ಣ ನೂಲಿಗೆ ಕುಣಿಕೆ ನಿಲ್ಲುವುದಿಲ್ಲ, ಅದು ಸೊಳ್ಳೆ ಪರದೆ, ಉಡಿಯ ತೆಂಗಿನಕಾಯಿ ಬಿದ್ದರೆ ಸೆರಗು ಕಿತ್ತು ಬಸುರಿಯ ಕಾಲ ಮೇಲೆ ಬೀಳುತ್ತದೆ ಎಂದು ಹೇಳಿ, ಇಂಥ ಅಪಶಕುನದ ಕೆಲಸಕ್ಕೆ ನಾನು ಕೈ ಹಾಕುವವಳಲ್ಲ ಎಂದು ಮಗ್ಗದ ಕಡೆ ಬೆನ್ನು ತಿರುಗಿಸಿ ಕೂತರು. ಯಜಮಾನರು ಮಾತಾಡುವುದೇ ಕಡಿಮೆ, ಅದೇ ಅವರ ಸಂಪ್ರದಾಯ. ಸಣ್ಣ ನೂಲಿನ ಹಸಿರು ಹಾಸು ಮಗ್ಗಕ್ಕೆ ಏರಿಸಿ, ಕೆಂಪು ಹಾಸು ಪಕ್ಕಕ್ಕೆ ಇಟ್ಟು, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ನಾನೇ ಕೂಡಿಸಲು ಹೋದೆ. ಹತ್ತು ಎಳೆ ಕೂಡಿಸಿದರೆ ನಾಲ್ಕು ಜಾರಿದವು. ಅತ್ತೆ ಬೆನ್ನು ತಿರುಗಿಸಿಯೇ ಇದ್ದರು, ಆದರೆ ಎಳೆ ಜಾರಿದ್ದು ಅವರಿಗೆ ಕಿವಿಯಿಂದಲೇ ತಿಳಿಯುತ್ತಿತ್ತೋ ಏನೋ. ಕೊನೆಗೆ ನನ್ನನ್ನು ದಬ್ಬಿ ತಾವೇ ಕೂತರು. ಅವರದೂ ಜಾರಿತು. ನನಗೆ ಹೇಳಲಾಗದಷ್ಟು ಸಂತೋಷವಾಯಿತು. ಎರಡು ದಿನ ಗೊಣಗಿ, ಬೈದು, ಮೂರನೆಯ ದಿನ ಕುಣಿಕೆಗೆ ಇನ್ನೊಂದು ಸುತ್ತು ಹಾಕಿ, ಕೊನೆಯನ್ನು ಗಂಜಿಯಲ್ಲಿ ಅದ್ದಿದ ಬೆರಳಿನಿಂದ ಹೊಸೆದರು. ಎಳೆದು ನೋಡಿದೆವು, ಬರಲಿಲ್ಲ. ನಾನು ಬಲ್ಲ ಮಟ್ಟಿಗೆ ನಮ್ಮ ಓಣಿಯಲ್ಲಿ ಹಾಗೆ ಯಾರೂ ಕೂಡಿಸಿರಲಿಲ್ಲ. ಅತ್ತಿ, ಇದು ಹೊಸ ಕುಣಿಕಿ ಅಂದೆ.

“ಹೊಸಾದ್ದೇನಲ್ಲ ಬಿಡಬೇ. ಹಿಂದಿನವರು ಹಿಂಗs ಹಾಕತಿದ್ದರು,” ಅಂದರು ಅತ್ತೆ, ನನ್ನ ಮುಖ ನೋಡದೆ.

ಇದು ಅಪ್ಪಟ ಸುಳ್ಳು. ಆದರೆ ನಮ್ಮ ಕಸುಬಿನಲ್ಲಿ ಹೊಸದು ಹುಟ್ಟುವುದೇ ಹೀಗೆ, ಯಾರೋ ಒಬ್ಬರು ಮಾಡಿ ಹಿಂದಿನವರ ಮೇಲೆ ಹಾಕುತ್ತಾರೆ. ಹೆಸರು ಹಾಕಿಕೊಳ್ಳಲು ಒದ್ದಾಡುವವರಿಗಿಂತ ಈ ಸುಳ್ಳುಗಾರ್ತಿ ನನಗೆ ಮೇಲು.

ಸೀರೆಯನ್ನು ಒಗೆದು, ಹಿಂಡಿ, ಒಣಗಿಸಿ, ಸೆರಗಿನಲ್ಲಿ ಅಕ್ಕಿ ತೆಂಗಿನಕಾಯಿ ಹಾಕಿ ನಾನೇ ಅಂಗಳದಲ್ಲಿ ಓಡಾಡಿದೆ. ಓಣಿಯ ಮಕ್ಕಳು ನಕ್ಕವು. ಸೆರಗು ಹಿಡಿಯಿತು. ಶಂಕ್ರಪ್ಪನವರ ಮುಂದೆ ಇಟ್ಟಾಗ ಹಿರಿಯರ ಮಾತು ಎತ್ತಲಿಲ್ಲ, ಯಾಕೆಂದರೆ ಗೋದಾಮಿನಲ್ಲಿ ಹಿರಿಯರ ಸೀರೆಗಳು ಕೊಳೆಯುತ್ತಿದ್ದವು. ಆದರೆ ಕಾರ್ಯದರ್ಶಿ ಎಂದ ಮೇಲೆ ಏನಾದರೂ ಕತ್ತರಿಸಬೇಕಲ್ಲ. ಸೀರೆ ಕಿರಿದಾಗಿದೆ, ಸೆರಗೂ ಕಿರಿದಾಗಲಿ, ಒಂದು ಗೇಣು ಕೆಂಪು ಕಡಿಮೆ ಮಾಡಿ ಅಂದರು. ಮೇಜಿನ ಮೇಲೆ ತಮ್ಮ ಗೇಣು ಇಟ್ಟು ತೋರಿಸಿದರು. ದೊಡ್ಡ ಕೈ ಅವರದು.

ಮನೆಯಲ್ಲಿ ಅತ್ತೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಉಡಿ ತುಂಬುವಾಗ ತೆಂಗಿನಕಾಯಿ ಕೆಂಪಿನ ಮೇಲೆ ಕೂಡಬೇಕು, ಹಸಿರಿಗೆ ಜಾರಬಾರದು, ಸೆರಗಿನ ಅಳತೆ ಇಟ್ಟಿರುವುದೇ ಅದಕ್ಕೆ. ಒಂದು ಗೇಣು ಕಡಿದರೆ ಬಸುರಿ ಸೆರಗನ್ನು ಎದೆಗೆ ಅವಚಿ ಹಿಡಿಯಬೇಕಾಗುತ್ತದೆ, ಕೈ ಸೋಲುತ್ತದೆ. ಇದನ್ನೆಲ್ಲ ನಾನು ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಗಂಡಸರು, ಉಡಿ ತುಂಬಿಸಿಕೊಂಡವರಲ್ಲ. ಇಷ್ಟು ಮಾಡಿದರೆ ಒಪ್ಪುತ್ತೇನೆ, ಇಲ್ಲದಿದ್ದರೆ ಇಲ್ಲ ಅಂದರು. ಸಮತೋಲನ ಅಂದರೆ ಇದು. ಒಪ್ಪಿದೆ. ಒಪ್ಪದಿದ್ದರೆ ಆ ಸೀರೆ ಹುಟ್ಟುತ್ತಲೇ ಇರಲಿಲ್ಲ. ಆದರೂ ಆ ಗೇಣಿನ ಮೇಲೆ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಸೀರೆ ಬೀಳಗಿಗೆ ಹೋಯಿತು. ಶೆಟ್ಟರು ಮತ್ತೆ ಕಳಿಸಿ ಅಂದರು, ಮತ್ತೂ ಕಳಿಸಿ ಅಂದರು. ಮುಧೋಳ, ಲೋಕಾಪುರದ ಅಂಗಡಿಯವರೂ ಕೇಳಿದರು. ಹೆಂಗಸರು ಸಂತೆಗೆ ಉಟ್ಟರು, ಬಸ್ಸಿಗೆ ಉಟ್ಟರು, ಕುಬಸಕ್ಕೂ ಉಟ್ಟರು. ನಮ್ಮ ಓಣಿಯಲ್ಲಿ ಕೂಡಿಸುವುದನ್ನು ಬಿಟ್ಟಿದ್ದ ಹೆಂಗಸರು ಅತ್ತೆಯ ಹತ್ತಿರ ಬಂದು ಆ ಎರಡು ಸುತ್ತಿನ ಕುಣಿಕೆ ಕಲಿತರು. ಅತ್ತೆ ಬೈಯುತ್ತ ಕಲಿಸಿದರು. ನನಗೂ ಆಗಲೇ ಕಲಿಸಿದ್ದು. ಒಂದೇ ಒಂದು ದೂರು ಬಂತು, ಎಲ್ಲ ಕಡೆಯಿಂದ ಅದೇ ದೂರು: ಸೆರಗು ಒಂದು ಗೇಣು ಸಾಲದು. ಆ ಮಾತನ್ನು ನಾನು ಪ್ರತಿ ಸಲ ಶಂಕ್ರಪ್ಪನವರಿಗೆ ಮುಟ್ಟಿಸಿದೆ. ಮುಂದಿನ ಸಲ ನೋಡೋಣ ಅನ್ನುತ್ತಿದ್ದರು.

ಮುಂದಿನ ಸಲ ಬಂದದ್ದು ಕಂಪ್ಯೂಟರು. ಚೌಕಳಿ ಹಾಳೆ, ಕೆಂಪು ಪೆನ್ಸಿಲು ಎಲ್ಲ ಮೂಲೆಗೆ ಹೋದವು. ನಾನು ಕಲಿತೆ, ಬೇಗ ಕಲಿತೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ದಿನವಿಡೀ ಬರೆದು ಅಳಿಸುವ ಕೆಲಸ ಗಳಿಗೆಯಲ್ಲಿ ಆಗುತ್ತಿತ್ತು. ಅದರ ಹಿಂದೆಯೇ ದೊಡ್ಡ ಊರಿನಿಂದ ವಿನ್ಯಾಸ ಹೇಳಿಕೊಡಲು ಒಬ್ಬರು ಮೇಡಂ ಬಂದರು. ನಮ್ಮ ಹಗುರ ಸೀರೆಯನ್ನು ಕೈಯಲ್ಲಿ ಹಿಡಿದು ಬಹಳ ಚಂದ ಅಂದರು. ಪರಂಪರೆ ಅಂದರು. ಆಮೇಲೆ ಅದರ ಪರಂಪರೆಯನ್ನು ಬಿಚ್ಚಲು ಕೂತರು. ಕೂಡಿಸುವುದರಿಂದ ಕೆಲಸ ತಡವಾಗುತ್ತದೆ, ಕೊಳ್ಳುವವರಿಗೆ ಕುಣಿಕೆ ಕಾಣುವುದೂ ಇಲ್ಲ, ಹಸಿರು ಹಾಸನ್ನೇ ಮುಂದುವರಿಸಿ ಕೆಂಪು ಹೊಕ್ಕಿನಲ್ಲಿ ತೆನೆ ತೆಗೆಯೋಣ, ವಿದ್ಯುತ್ ಮಗ್ಗದಲ್ಲಿ ಎಷ್ಟು ಬೇಕಾದರೂ ಇಳಿಸಬಹುದು ಅಂದರು. ಪರದೆಯ ಮೇಲೆ ಬರೆದು ತೋರಿಸಿದರು. ಹಸಿರು ಸೀರೆ, ತುದಿಗೆ ಕುಂಕುಮದಂಥ ಕೆಂಪು ಸೆರಗು, ಬಿಳಿ ತೆನೆ. ಕಮಿಟಿಯವರೆಲ್ಲ ತಲೆದೂಗಿದರು. ಅವರಲ್ಲಿ ಅರ್ಧ ಜನ ನೇಕಾರರ ಮಕ್ಕಳು, ಮಗ್ಗದ ಸಪ್ಪಳದಲ್ಲೇ ತೊಟ್ಟಿಲಲ್ಲಿ ಮಲಗಿದವರು. ಹಸಿರು ಹಾಸಿನ ಮೇಲೆ ಕೆಂಪು ಹೊಡೆದರೆ ಏನಾಗುತ್ತದೆಂದು ಅವರ ಮನೆಯ ಕೂಸಿಗೂ ಗೊತ್ತು. ಆದರೆ ಪರದೆಯ ಬೆಳಕು ಕಣ್ಣಿಗೆ ಬಿದ್ದರೆ ಗೊತ್ತಿದ್ದದ್ದೂ ಮರೆಯುತ್ತದೆ.

ನಾನು ಎದ್ದು ನಿಂತೆ. “ಪರದಿಗೆ ಹಾಸು ಇಲ್ಲರಿ,” ಅಂದೆ. “ಅಲ್ಲಿ ಬಣ್ಣದ ಮ್ಯಾಲ ಬಣ್ಣ ಕೂಡತೈತಿ. ಮಗ್ಗದಾಗ ಎಳಿ ಒಳಗ ಎಳಿ ಹೋಗತೈತಿ.”

ಮೇಡಂ ಸೌಮ್ಯವಾಗಿ ನಕ್ಕರು. ಶಂಕ್ರಪ್ಪನವರು ಅಷ್ಟೇ ಸೌಮ್ಯವಾಗಿ ಹೇಳಿದರು: “ಹೊಸಾದ್ದಕ್ಕ ಅಂಜಬಾರದು ತಂಗಿ. ಕಾಲದ ಕೂಡ ಹೋಗಬೇಕು.”

ನೀಲಿ ಸೆರಗನ್ನು ಕಂಡು ಹಿರಿಯರನ್ನು ಕರೆದ ಮನುಷ್ಯ ನನಗೆ ಹೊಸದಕ್ಕೆ ಅಂಜಬೇಡ ಅನ್ನುತ್ತಿದ್ದಾನೆ. ಆ ದಿನ ನಾನು ಕೂತುಬಿಟ್ಟೆ. ಸಿಟ್ಟು ನೆತ್ತಿಗೇರಿದಾಗ ನನಗೆ ಮಾತು ಹೊರಡುವುದಿಲ್ಲ, ಈಗ ಬರೆಯುತ್ತಿರುವುದೆಲ್ಲ ಆ ಹೊತ್ತಿನಲ್ಲಿ ಹೊರಡದ ಮಾತು.

ವಿದ್ಯುತ್ ಮಗ್ಗವನ್ನು ನಾನು ದೂರುತ್ತಿಲ್ಲ. ನಮ್ಮ ಅರ್ಧ ಊರು ಅದರಿಂದ ಉಣ್ಣುತ್ತದೆ, ಅದಕ್ಕೆ ಒಪ್ಪುವ ಬಟ್ಟೆ ಬೇಕಾದಷ್ಟಿದೆ. ಒಪ್ಪದ್ದನ್ನು ಅದರ ತಲೆಗೆ ಕಟ್ಟಿದವರನ್ನು ದೂರುತ್ತೇನೆ. ಸೀರೆಗಳು ಇಳಿದವು. ಪರದೆಯ ಕುಂಕುಮ ಎಲ್ಲಿಯೂ ಇಲ್ಲ, ನಾನು ಮೊದಲೇ ಹೇಳಿದ ಎಲೆಯಡಿಕೆಯ ಬಣ್ಣ. ಮೇಡಂ ಗಾಬರಿಯಾಗಲಿಲ್ಲ. ಇದು ಮಣ್ಣಿನ ಬಣ್ಣ, ಈಗ ಇದೇ ನಡೆಯುತ್ತದೆ ಅಂದರು. ದೊಡ್ಡ ಊರಿನ ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕಿ ಚಿತ್ರ ತೆಗೆಸಿದರು, ಕೆಲವು ಅಲ್ಲಿ ಹೋದವೂ ಇರಬಹುದು. ಉಳಿದ ಗಂಟು ಬೀಳಗಿಗೆ ಬಂತು. ಗುರಪ್ಪ ಶೆಟ್ಟರು ಒಂದೇ ವಾರದಲ್ಲಿ ವಾಪಸು ಕಳಿಸಿದರು. ನಾನು ಫೋನು ಮಾಡಿದೆ. ಅಂಗಡಿಗೆ ಬಂದ ಹೆಂಗಸರು ಸೆರಗು ಬಿಚ್ಚಿ ನೋಡಿ ಕೈ ತೊಳೆದುಕೊಂಡವರಂತೆ ಹಿಂದೆ ಸರಿದರಂತೆ.

“ಸೆರಗಿಗೆ ಸೂತಕ ಹತ್ತಿದಂಗ ಐತಿ ಅಂತಾರ ಅಕ್ಕಾರ,” ಅಂದರು ಶೆಟ್ಟರು. “ಬಸುರಿ ಹೆಣಮಗಳಿಗೆ ಇದನ್ನ ಹೆಂಗ ಕೊಡೂದು?”

ಇಷ್ಟಕ್ಕೆ ಮುಗಿದಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ತಪ್ಪು ಯಾರು ಮಾಡುವುದಿಲ್ಲ? ಹತ್ತು ಹೊಸ ಸೀರೆ ಮಾಡಿದರೆ ಎಂಟು ಕೆಡುತ್ತವೆ, ಅದೇ ಕಸುಬು. ಗಂಟು ವಾಪಸು ಬಂದ ಮೇಲೆ ಕಮಿಟಿ ಸೇರಿತು. ಮೇಡಂ ಆಗಲೇ ಬೇರೆ ಊರಿಗೆ ಹೋಗಿದ್ದರು. ಕೂಡಿಸದ ಸೆರಗು ಕೆಟ್ಟಿತು, ಕೂಡಿಸಿದ ಸೆರಗನ್ನು ಮತ್ತೆ ಮಾಡೋಣ ಎಂದು ಯಾರಾದರೂ ಅನ್ನುತ್ತಾರೆಂದು ನಾನು ಕಾದೆ. ಶಂಕ್ರಪ್ಪನವರು ಎದ್ದು, ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆವು, ಇನ್ನು ಹೊಸ ಸೀರೆಯ ಗೊಡವೆಯೇ ಬೇಡ, ಹಗುರ ಸೀರೆಯೂ ಬೇಡ, ಹಿರಿಯರು ಹೇಗೆ ಮಾಡಿದ್ದಾರೋ ಹಾಗೆ ಇರಲಿ ಅಂದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಕೆಟ್ಟದ್ದು ಒಂದು, ಕೊಂದದ್ದು ಇನ್ನೊಂದು. ಮತ್ತೆ ಹಳೆಯ ಭಾರದ ಸೀರೆ, ಮತ್ತೆ ಗೋದಾಮು.

ಆ ಸಭೆಯಿಂದ ಮನೆಗೆ ಬಂದು ಅತ್ತೆಗೆ ಹೇಗೆ ಹೇಳುವುದೆಂದು ತಿಳಿಯದೆ ಅಂಗಳದಲ್ಲೇ ನಿಂತಿದ್ದೆ. ಅವರಿಗೆ ಓಣಿಯಿಂದ ಸುದ್ದಿ ಮೊದಲೇ ಮುಟ್ಟಿತ್ತು. ಬೈಯಲಿಲ್ಲ. ಗಂಜಿಯ ಬಟ್ಟಲನ್ನು ತೊಳೆದು ಬೋರಲು ಹಾಕಿದರು. ಅತ್ತೆ ಬೈಯದೆ ಇದ್ದ ದಿನ ನನಗೆ ಅದೊಂದೇ ನೆನಪಿದೆ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಓಣಿಯ ಕೂಡಿಸುವ ಹೆಂಗಸರು ಬೇರೆ ಬೇರೆ ಕೆಲಸಕ್ಕೆ ಹೋದರು, ಕೆಲವರು ನೂಲಿನ ಉಂಡಿ ಸುತ್ತಲು, ಕೆಲವರು ಅಡುಗೆಗೆ. ಅತ್ತೆ ತೀರಿಕೊಂಡರು. ಯಜಮಾನರು ಕೆಲವು ದಿನ ಹಳೆಯ ಸೀರೆ ನೇಯ್ದು, ಬೇಡಿಕೆ ನಿಂತ ಮೇಲೆ ಒಬ್ಬರ ವಿದ್ಯುತ್ ಮಗ್ಗಕ್ಕೆ ಹೋಗತೊಡಗಿದರು. ನಡುಮನೆಯ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದೆವು, ಕುಣಿಯ ಮೇಲೆ ಶಹಾಬಾದಿ ಕಲ್ಲು ಮುಚ್ಚಿದೆವು, ಕಲ್ಲಿನ ಮೇಲೆ ಫ್ರಿಜ್ಜು ಬಂತು. ನಾನು ನಿವೃತ್ತಿಯವರೆಗೂ ಟವೆಲ್ಲಿಗೆ ಗೆರೆ ಎಳೆದೆ, ಚಾದರಿಗೆ ಚೌಕಳಿ ಹಾಕಿದೆ. ಬೀಳ್ಕೊಡುವ ದಿನ ಹೊಸ ಕಾರ್ಯದರ್ಶಿ ನನ್ನನ್ನು ಸಂಪ್ರದಾಯದ ಕಾವಲುಗಾರ್ತಿ ಎಂದು ಹೊಗಳಿದರು. ಶಾಲು ಹೊದಿಸಿದರು. ನನ್ನ ಎದುರಿಗೇ ಕೂತಿದ್ದ ಶಂಕ್ರಪ್ಪನವರು, ಬಹಳ ವಯಸ್ಸಾಗಿತ್ತು, ಚಪ್ಪಾಳೆ ತಟ್ಟಿದರು. ಆ ದೊಡ್ಡ ಕೈಗಳನ್ನೇ ನಾನು ನೋಡುತ್ತಿದ್ದೆ.

ಹೋದ ತಿಂಗಳು ಮುಧೋಳದಲ್ಲಿ ನನ್ನ ತಮ್ಮನ ಸೊಸೆಗೆ ಕುಬಸವಿತ್ತು. ಹುಡುಗಿಯ ತವರು ಬೀಳಗಿ ಕಡೆಯ ಪುನರ್ವಸತಿ ಊರು. ತವರಿನವರು ಬುತ್ತಿ ಕಟ್ಟಿಕೊಂಡು ಗಾಡಿ ಮಾಡಿಕೊಂಡು ಬಂದರು. ಹುಡುಗಿಯ ಸೋದರತ್ತೆ ಶಿವಕ್ಕ ಎಂಬವಳು ಒಂದು ಬಟ್ಟೆಯ ಗಂಟನ್ನು ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಉಡಿ ತುಂಬುವ ಹೊತ್ತಿಗೆ ಬಿಚ್ಚಿದಳು. ಹಸಿರು ಸೀರೆ. ನಾನು ಹತ್ತಿರ ಹೋಗಿ ಸೆರಗು ಮೈಗೆ ಕೂಡುವ ಜಾಗದಲ್ಲಿ ಬೆರಳು ಆಡಿಸಿದೆ. ಎರಡು ಸುತ್ತಿನ ಕುಣಿಕೆ. ನಮ್ಮ ಅತ್ತೆಯ ಕೈ.

ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಕೊಳ್ಳಲು, ಈ ಸೀರೆ ಎಲ್ಲಿಯದು ಎಂದು ಕೇಳಿದೆ.

“ಬಾಳ ಹಳೀದ್ರಿ ಇದು,” ಅಂದಳು ಶಿವಕ್ಕ. “ನೀರಾಗ ಹೋತಲ್ಲ ನಮ್ಮ ಹಳೀ ಊರು, ಅಲ್ಲಿಂದ ಬಂದದ್ದು. ಊರ ಬಿಡೂ ಮುಂದ ನಮ್ಮ ಮುತ್ತ್ಯಾನ ಕಾಲದ್ದು ಇದೊಂದ ತಂದಾರ. ನಮ್ಮ ಓಣ್ಯಾಗ ಎಲ್ಲಾರ ಉಡಿನೂ ಇದರಾಗs ತುಂಬೂದು.”

ಆ ಸೀರೆಗೆ ನಕ್ಷೆ ಬರೆಯುವಷ್ಟರಲ್ಲಿ ಅವರ ಊರು ನೀರಿನಲ್ಲಿ ಮುಳುಗಿ ಹೋಗಿತ್ತು. ಹೊಸ ಊರಿನ ಹೊನ್ನವ್ವ ಹೇಳಿದಂತೆ ಬಸ್ಸಿನ ಟಿಕೆಟಿನ ಹಿಂದೆ ಬರೆದ ಸೀರೆ ಅದು. ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಶಿವಕ್ಕ ಸೆರಗನ್ನು ಸವರುತ್ತಿದ್ದ ರೀತಿ ನೋಡಿ ಮುಚ್ಚಿದೆ. ಹೋದ ಊರಿನಿಂದ ಅವರ ಕೈಗೆ ಬಂದದ್ದು ಅದೊಂದೇ ಎಂದು ಅವರು ನಂಬಿದ್ದರೆ ಕಿತ್ತುಕೊಳ್ಳಲು ನಾನು ಯಾರು?

ಹುಡುಗಿ ಉಟ್ಟು ಮಣೆಯ ಮೇಲೆ ಕೂತಳು. ಹೆಂಗಸರು ಉಡಿ ತುಂಬಿದರು. ತೆಂಗಿನಕಾಯಿ ಕೆಂಪಿನಿಂದ ಹಸಿರಿಗೆ ಜಾರಿತು. ಹುಡುಗಿ ಸೆರಗನ್ನು ಎದೆಗೆ ಅವಚಿಕೊಂಡು ಹಿಡಿದಳು. ಕೈ ಸೋತು ಇನ್ನೊಂದು ಕೈಯನ್ನೂ ಅಡಿಗೆ ಕೊಟ್ಟಳು. ಆರತಿ ಮುಗಿಯುವವರೆಗೂ ಹಾಗೇ ಹಿಡಿದಿದ್ದಳು. ನನಗೆ ಮತ್ತೆ ಅದೇ ಸಿಟ್ಟು, ಅದೇ ಮೇಜು, ಅದೇ ದೊಡ್ಡ ಕೈ.

ಊಟದ ಹೊತ್ತಿನಲ್ಲಿ ಶಿವಕ್ಕನ ಪಕ್ಕ ಕೂತೆ. ಅಂಚು ಸವೆದಿದೆ, ಇನ್ನು ಬಹಳ ದಿನ ಬಾಳುವುದಿಲ್ಲ, ಇಂಥದ್ದೇ ಇನ್ನೊಂದು ಮಾಡಿಕೊಡುತ್ತೇನೆ ಅಂದೆ. ಅವಳ ಮುಖ ಅರಳಿತು. ಸೆರಗನ್ನು ಮಾತ್ರ ಒಂದು ಗೇಣು ಉದ್ದ ಹಾಕುತ್ತೇನೆ ಅಂದೆ. ಮುಖ ಗಂಟಿಕ್ಕಿತು.

“ಬ್ಯಾಡ್ರಿ ಅಕ್ಕಾರ,” ಅಂದಳು. “ಹಿರೇರು ಹೆಂಗ ಮಾಡ್ಯಾರ ಹಂಗ ಇರ್ಲಿ.”

ಬನಹಟ್ಟಿಗೆ ಬರುವ ಬಸ್ಸಿನಲ್ಲಿ ಒಬ್ಬಳೇ ಬೈಯುತ್ತ ಬಂದೆ. ಶಂಕ್ರಪ್ಪನವರನ್ನು ಬೈದೆ, ಮೇಡಮ್ಮನನ್ನು ಬೈದೆ, ಶಿವಕ್ಕನನ್ನು ಬೈದೆ. ಜಮಖಂಡಿ ದಾಟಿದ ಮೇಲೆ ಇನ್ನು ಯಾರೂ ಉಳಿಯಲಿಲ್ಲ, ಹಿರಿಯರನ್ನೇ ಬೈಯೋಣ ಅಂದುಕೊಂಡೆ. ಆ ಸೀರೆಯ ಹಿರಿಯರು ಯಾರು? ಬೈಯುವ ಅತ್ತೆ, ಮಾತಾಡದ ಯಜಮಾನರು, ಮತ್ತೆ ನಾನು.

ಆದ್ದರಿಂದ ಹೊಸ ಹುಡುಗರೇ, ಭಾಷಣಕ್ಕೆ ನಾನು ಬರುವುದಿಲ್ಲ. ನೋಡಬೇಕೆಂದಿದ್ದರೆ ನೀವೇ ನಮ್ಮ ಮನೆಗೆ ಬನ್ನಿ. ನಿನ್ನೆ ಯಜಮಾನರೂ ನಾನೂ ಸೇರಿ ಫ್ರಿಜ್ಜು ಸರಿಸಿ ಶಹಾಬಾದಿ ಕಲ್ಲು ಎತ್ತಿದೆವು. ಕುಣಿಯಲ್ಲಿ ಜೇಡರ ಬಲೆ ಬಿಟ್ಟರೆ ಬೇರೇನೂ ಕೆಟ್ಟಿಲ್ಲ. ಅಟ್ಟದಿಂದ ಮಗ್ಗ ಇಳಿಸುವಾಗ ಅವರು, ಸೆರಗು ಎಷ್ಟು ಹಾಕೂದು ಎಂದು ಒಂದೇ ಮಾತು ಕೇಳಿದರು. ಹಿರಿಯರು ಹೇಗೆ ಮಾಡಿದ್ದಾರೋ ಹಾಗಲ್ಲ, ಒಂದು ಗೇಣು ಜಾಸ್ತಿ ಅಂದೆ. ಗೇಣು ನನ್ನದು.